ಜೀವಕೋಶದ ಚಿತ್ರಕ್ಕೆ ಹದಿನಾಲ್ಕು ಹೆಸರು ಬರೆದೆ, ವೈವಾದಲ್ಲಿ ಒಂದೇ ಪ್ರಶ್ನೆಗೆ ಸಿಕ್ಕಿಬಿದ್ದೆ

ಕೋಡಿಬಾಗದ ಹುಡುಗ | ಶುಕ್ರವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಬೆಳಗಿನಿಂದ ಒಂದೇ ಸಮ ಮಳೆ. ಕರೆಂಟ್ ಇಲ್ಲ, ಮೊಬೈಲಿನಲ್ಲಿ 30 ಪರ್ಸೆಂಟ್ ಚಾರ್ಜ್ ಉಳಿದಿದೆ. ಬೇಗ ಬರೆದು ಮುಗಿಸುತ್ತೇನೆ.

ನಾನು ಬಿ.ಎಸ್ಸಿ.ಯಲ್ಲಿ ಓದಿದ್ದು ಫಿಸಿಕ್ಸ್ ಮತ್ತು ಗಣಿತ. ಬಯಾಲಜಿಗೆ ಎಸ್ಸೆಸ್ಸೆಲ್ಸಿಯಲ್ಲೇ ಕೈಮುಗಿದಿದ್ದೆ. ಈಗ ಎಂ.ಎಸ್ಸಿ. ಮೆಡಿಕಲ್ ಫಿಸಿಕ್ಸ್ ಸೇರಿದ್ದೇನೆ, ಅಲ್ಲಿ ಅದು ರೇಡಿಯೋಬಯಾಲಜಿ (ವಿಕಿರಣ ಬಿದ್ದರೆ ಜೀವಕೋಶಕ್ಕೆ ಏನಾಗುತ್ತದೆ ಅನ್ನುವ ಪಾಠ) ಅಂತ ಹೆಸರು ಬದಲಿಸಿಕೊಂಡು ಕಾಯುತ್ತಾ ಕೂತಿತ್ತು. ಮೊನ್ನೆ ವೈವಾದಲ್ಲಿ ಜೀವಕೋಶದ ಚಿತ್ರ ಬರೆಯಲು ಹೇಳಿದರು. ರಾತ್ರಿಯಿಡೀ ಉರು ಹೊಡೆದಿದ್ದೆ. ಮೈಟೊಕಾಂಡ್ರಿಯ, ಗಾಲ್ಗಿ, ಲೈಸೋಸೋಮ್ ಎಲ್ಲ ಸೇರಿ ಹದಿನಾಲ್ಕು ಬಾಣ ಎಳೆದು ಹದಿನಾಲ್ಕು ಹೆಸರು ಬರೆದೆ. ಮೇಡಂ ನೋಡಿ, "ಚೆನ್ನಾಗಿದೆ. ಇದರಲ್ಲಿ ಯಾವುದಕ್ಕೆ ವಿಕಿರಣದ ಏಟು ಬಿದ್ದರೆ ಕೋಶಕ್ಕೆ ಕಷ್ಟ?" ಎಂದರು. ನಾನು ಮೈಟೊಕಾಂಡ್ರಿಯ ಅಂದೆ. ಶಕ್ತಿಯೇ ಇಲ್ಲದಿದ್ದರೆ ಬದುಕುವುದು ಹೇಗೆ ಅಂತ ನನ್ನ ಲೆಕ್ಕ. ಮುಂದಿನ ವಾರ ಮತ್ತೆ ಬಾ ಅಂದರು.

ಇನ್ನೊಂದು ಅನುಮಾನ. ಇಡೀ ಮೈಗೆ ಒಮ್ಮೆಲೇ 4 ಗ್ರೇ ಡೋಸ್ ಬಿದ್ದು, ಚಿಕಿತ್ಸೆ ಸಿಗದೇ ಹೋದರೆ ಹೆಚ್ಚುಕಡಿಮೆ ಅರ್ಧದಷ್ಟು ಜನ 60 ದಿನದೊಳಗೆ ಸಾಯುತ್ತಾರೆ ಅಂತ ಓದಿದೆ. 1 ಗ್ರೇ ಅಂದರೆ ಒಂದು ಕಿಲೋಗೆ 1 ಜೂಲ್. ನಾನು 60 ಕಿಲೋ ಇದ್ದೇನೆ. ಒಟ್ಟು 240 ಜೂಲ್ ಆಯ್ತು. ನಮ್ಮ ಮನೆ ಎದುರಿನ ಎರಡು ಮೆಟ್ಟಿಲು ಹತ್ತಿದರೆ ಸುಮಾರು ಅಷ್ಟೇ ಕೆಲಸ ಆಗುತ್ತದೆ. ಮೈ ಬಿಸಿಯಾಗುವುದು ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಪಾಲು. ಇಷ್ಟಕ್ಕೆ ಮನುಷ್ಯ ಸಾಯೋದು ಅಂದರೆ ಏನರ್ಥ? ಲೆಕ್ಕ ನಾಲ್ಕು ಸಲ ಮಾಡಿದೆ, ತಪ್ಪಿಲ್ಲ.

ಬಂಗಡೆ ಸಾರು | 8:52

ಮೆಟ್ಟಿಲು ಹತ್ತೋದನ್ನ ಇವತ್ತಿಂದ ಬಿಟ್ಟೆ.

ಶಿರಸಿ ಮಾಸ್ತರು | 9:15

ತಮ್ಮಾ, ನಿನ್ನ ಲೆಕ್ಕ ಸರಿ. ಎರಡನೇ ಪ್ರಶ್ನೆಗೆ ನನಗಿಂತ ತಿಳಿದವರು ಇಲ್ಲಿದ್ದಾರೆ, ಅವರು ಹೇಳಲಿ. ಮೊದಲನೆಯದು ನನ್ನ ಪಾಲಿಗಿರಲಿ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಕೋಶ ಪಾಠ ಮಾಡಿದೆ. ಪ್ರತಿ ವರ್ಷ ಅದನ್ನು ಕಾರ್ಖಾನೆಗೆ ಹೋಲಿಸಿದೆ. ಅಲ್ಲಿ ಪವರ್ ಹೌಸ್, ಇಲ್ಲಿ ಪ್ಯಾಕಿಂಗ್ ವಿಭಾಗ, ಆಚೆ ಕಸ ವಿಲೇವಾರಿ. ಮಕ್ಕಳಿಗೆ ಖುಷಿ, ನನಗೂ ಸಲೀಸು. ಆದರೆ ಆ ಹೋಲಿಕೆ ನಿನ್ನನ್ನು ದಾರಿ ತಪ್ಪಿಸಿತು ನೋಡು. ಕಾರ್ಖಾನೆಯಲ್ಲಿ ಪವರ್ ಹೋದರೆ ಎಲ್ಲ ನಿಲ್ಲುತ್ತದೆ. ಹಾಗಾಗಿ ಮೈಟೊಕಾಂಡ್ರಿಯ ಅಂದೆ. ತಪ್ಪು ನಿನ್ನದಲ್ಲ, ನಮ್ಮಂಥ ಮಾಸ್ತರುಗಳದ್ದು.

ಹೀಗೆ ಕೇಳಿಕೋ: ಚಿತ್ರದಲ್ಲಿ ಬರೆದ ಒಂದೊಂದು ವಸ್ತುವಿಗೂ ಕೋಶದಲ್ಲಿ ಎಷ್ಟು ಪ್ರತಿ ಇದೆ? ಮೈಟೊಕಾಂಡ್ರಿಯ ನೂರಾರು, ಕೆಲವು ಕೋಶಗಳಲ್ಲಿ ಸಾವಿರಾರು. ಹತ್ತು ಹಾಳಾದರೆ ಉಳಿದವು ನಡೆಸಿಕೊಂಡು ಹೋಗುತ್ತವೆ. ರೈಬೋಸೋಮ್ ಲಕ್ಷಗಟ್ಟಲೆ. ಕೋಶಪೊರೆ ಅಂದರೆ ಕೊಬ್ಬಿನ ಅಣುಗಳ ಎರಡು ಪದರ. ಅಲ್ಲೊಂದು ಇಲ್ಲೊಂದು ಅಣು ಕೆಟ್ಟರೆ ಅಕ್ಕಪಕ್ಕದವು ಸರಿದು ಜಾಗ ತುಂಬುತ್ತವೆ. ಪ್ರೋಟೀನ್ ಹಾಳಾದರೆ ಹೊಸದು ತಯಾರಾಗುತ್ತದೆ. ಆದರೆ ಇದನ್ನೆಲ್ಲ ಹೊಸದಾಗಿ ಮಾಡಿಕೊಳ್ಳುವ ವಿಧಾನ ಬರೆದಿಟ್ಟ ಡಿಎನ್‌ಎ ಇದೆಯಲ್ಲ, ಅದು ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೇ ಪ್ರತಿ. ಬೇರೆ ಕಡೆಯಿಂದ ತರಿಸೋಣ ಅಂದರೆ ಸಿಗುವುದಿಲ್ಲ.

ಇದು ತರ್ಕ ಮಾತ್ರ ಅಲ್ಲ, ಪ್ರಯೋಗ ಮಾಡಿಯೂ ನೋಡಿದ್ದಾರೆ. 1970ರ ಹೊತ್ತಿಗೆ ಸೂಜಿಯ ತುದಿಗೆ ಆಲ್ಫಾ ವಿಕಿರಣ ಸೂಸುವ ಪೊಲೋನಿಯಂ ಹಚ್ಚಿ, ಕೋಶಕೇಂದ್ರಕ್ಕೆ ತಾಗದಂತೆ ಸುತ್ತಲಿನ ಕೋಶದ್ರವ್ಯಕ್ಕೆ ಮಾತ್ರ ಆಲ್ಫಾ ಕಣ ಹೊಡೆದರು. ಭಾರೀ ಡೋಸ್ ಬಿದ್ದರೂ ಕೋಶ ತಡೆದುಕೊಂಡಿತು. ಕೋಶಕೇಂದ್ರಕ್ಕೆ ಒಂದೆರಡು ಕಣ ಬಿದ್ದದ್ದೇ ಅದರ ಕತೆ ಮುಗಿಯಿತು. ಆಲ್ಫಾ ಕಣ ಅಂಗಾಂಶದಲ್ಲಿ ಮೈಕ್ರೋಮೀಟರಿನ ಲೆಕ್ಕದಲ್ಲಿ ಮಾತ್ರ ಸಾಗುವುದರಿಂದ ಅಂಥ ಕೈಚಳಕ ಸಾಧ್ಯವಾಯ್ತು.

ಕೋಡಿಬಾಗದ ಹುಡುಗ | 9:21

ಮಾಸ್ತರೇ, "ಎಷ್ಟು ಪ್ರತಿ ಇದೆ" ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಅಳತೆ ಸಿಕ್ಕಂತಾಯ್ತು. ಆದರೆ ಪ್ರತಿ ಎರಡೇ ಅಂದ ಮೇಲೆ ಒಂದು ಎಕ್ಸ್-ರೇ ತೆಗೆಸಿಕೊಂಡರೂ ಮುಗಿದೇ ಹೋಯಿತಲ್ಲ?

ಸ್ಲೈಡ್ ತೊಳೆಯುವವಳು | 9:40

ಅಂಕೋಲೆಯವಳು, ಈಗ ಇರುವುದು ಬೇರೆ ಊರಿನಲ್ಲಿ. ವರ್ಣತಂತು, ಅಂದರೆ ಡಿಎನ್‌ಎ ಸುತ್ತಿಟ್ಟ ಕಟ್ಟು, ಅದನ್ನು ನೋಡುವ ಲ್ಯಾಬಿನಲ್ಲಿ ಕೆಲಸ, ಅದಕ್ಕೇ ಈ ಹೆಸರು.

ಮುಗಿದು ಹೋಗುವುದಿಲ್ಲ. ರಿಪೇರಿ ಅನ್ನುವುದು ಒಂದಿದೆ. ಎಕ್ಸ್-ರೇ, ಗಾಮಾ ಏನೂ ಇಲ್ಲದ ದಿನವೂ, ಉಸಿರಾಟದ ಆಮ್ಲಜನಕದಿಂದ, ಸುಮ್ನೆ ಮೈಯ ಬಿಸಿಯಿಂದ, ಒಂದೊಂದು ಕೋಶದ ಡಿಎನ್‌ಎಯಲ್ಲಿ ದಿನಕ್ಕೆ ಹತ್ತಾರು ಸಾವಿರ ಸಣ್ಣಪುಟ್ಟ ಹಾನಿ ಆಗುತ್ತಲೇ ಇರುತ್ತದೆ. ಕೋಶ ಅದನ್ನು ಕೂತಲ್ಲೇ ಸರಿಮಾಡಿಕೊಳ್ಳುತ್ತದೆ. ಈ ರಿಪೇರಿ ಹೇಗೆ ನಡೆಯುತ್ತದೆ ಎಂದು ತೋರಿಸಿದ ಲಿಂಡಾಲ್, ಮೊಡ್ರಿಚ್, ಸಂಜಾರ್ ಮೂವರಿಗೆ 2015ರ ರಸಾಯನಶಾಸ್ತ್ರ ನೊಬೆಲ್ ಬಂತು.

ಈಗ ನಿಮ್ಮ 1 ಗ್ರೇ. ಎಕ್ಸ್-ರೇ ಅಥವಾ ಗಾಮಾದ 1 ಗ್ರೇ ಬಿದ್ದರೆ ಒಂದು ಕೋಶದ ಡಿಎನ್‌ಎಯಲ್ಲಿ ಒಂದೇ ಎಳೆ ಕಡಿದ ಜಾಗ ಸುಮಾರು 1000. ಎರಡೂ ಎಳೆ ಒಂದೇ ಕಡೆ ಕಡಿದ ಜಾಗ ಸುಮಾರು 40. ಸಾವಿರವನ್ನು ನೋಡಿ ಹೆದರಬೇಡಿ, ನಲವತ್ತನ್ನು ನೋಡಿ.

ಏಕೆ ಅಂದರೆ, ಅಡಿಕೆ ಸೊಸೈಟಿಯಲ್ಲಿ ರಶೀದಿ ಬರೆಯುವುದನ್ನು ನೋಡಿದ್ದೀರಲ್ಲ, ಕೆಳಗೊಂದು ಕಾರ್ಬನ್ ಇಟ್ಟು. ಮೇಲಿನ ಹಾಳೆಯಲ್ಲಿ ಒಂದು ಸಾಲು ಹರಿದುಹೋದರೆ ಕೆಳಗಿನದನ್ನು ನೋಡಿ ಬರೆದುಕೊಳ್ಳಬಹುದು. ಎರಡೂ ಹಾಳೆ ಅದೇ ಸಾಲಿನಲ್ಲಿ ಹರಿದರೆ? ತೂಕ ಎಷ್ಟಿತ್ತು, ರೇಟ್ ಎಷ್ಟಿತ್ತು, ಯಾರನ್ನು ಕೇಳುವುದು? ಕೋಶ ಆಗ ಎರಡು ತುದಿಯನ್ನು ಹೇಗೋ ಜೋಡಿಸಿ ಅಂಟಿಸುತ್ತದೆ. ಬಹಳ ಸಲ ಸರಿಯಾಗಿಯೇ ಅಂಟುತ್ತದೆ. ಕೆಲವು ಸಲ ಬೇರೆಯವರ ರಶೀದಿಯ ಅರ್ಧ ಬಂದು ಕೂರುತ್ತದೆ. ನಾನು ದಿನಾ ಮೈಕ್ರೋಸ್ಕೋಪಿನಲ್ಲಿ ಹುಡುಕುವುದು ಆ ತಪ್ಪು ಜೋಡಣೆಯನ್ನೇ. ಅದರ ಬಗ್ಗೆ ನಾಳೆ ಬರೆಯುತ್ತೇನೆ, ಈಗ ಮಗಳನ್ನು ಮಲಗಿಸಬೇಕು.

ಬ್ಯಾಡ್ಜ್ ಮರೆತವ, ಮಲ್ಲಾಪುರ | 10:05

ಜೂಲ್ ಲೆಕ್ಕಕ್ಕೆ ನಾನು ಬರುತ್ತೇನೆ. ವಿಕಿರಣದ ಹತ್ತಿರ ಕೆಲಸ ಮಾಡುವವನು. ಹೆಸರು ನೋಡಿ ನಗಬೇಡಿ, ಡೋಸ್ ಅಳೆಯುವ ಬ್ಯಾಡ್ಜ್ ಒಂದೇ ಸಲ ಮರೆತದ್ದು, ಗೇಟಿನಿಂದ ವಾಪಸ್ ಕಳಿಸಿದ್ದರು.

240 ಜೂಲ್ ಸಣ್ಣದೇ. ಆದರೆ ಅದು ಮೈತುಂಬ ಸಮನಾಗಿ ಹರಡುವ ಬಿಸಿ ಅಲ್ಲ. ಬಿಸಿನೀರಿನಲ್ಲಿ ಮಿಂದರೆ ಪ್ರತಿ ಅಣುವಿಗೂ ಚೂರುಚೂರು ಶಕ್ತಿ ಬರುತ್ತದೆ, ಯಾವ ಅಣುವೂ ಮುರಿಯುವುದಿಲ್ಲ. ವಿಕಿರಣ ಹಾಗಲ್ಲ. ಹೆಚ್ಚಿನ ಅಣುಗಳಿಗೆ ಏನೂ ಇಲ್ಲ, ಕೆಲವಕ್ಕೆ ಮಾತ್ರ ಒಂದೇ ಹೊಡೆತಕ್ಕೆ ಹತ್ತಾರು ಎಲೆಕ್ಟ್ರಾನ್ ವೋಲ್ಟ್ (ಅಣುಗಳ ಮಟ್ಟದಲ್ಲಿ ಶಕ್ತಿ ಅಳೆಯುವ ಮಾನ). ರಾಸಾಯನಿಕ ಬಂಧ ಮುರಿಯಲು ನಾಲ್ಕೈದು ಸಾಕು. 1 ಗ್ರೇ ಅಂದರೆ ಒಂದೊಂದು ಕೋಶಕೇಂದ್ರದೊಳಗೆ ಸುಮಾರು ಒಂದು ಲಕ್ಷ ಅಯಾನೀಕರಣ, ಅಂದರೆ ಅಷ್ಟು ಸಲ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಹೋಗುವುದು. ನೀನು ಫಿಸಿಕ್ಸ್ ಹುಡುಗ, ನೀನೇ ತಾಳೆ ನೋಡು: ಕೋಶಕೇಂದ್ರದ ಗಾತ್ರ 500 ಘನ ಮೈಕ್ರೋಮೀಟರ್ ಅಂತ ಹಿಡಿ, ಸಾಂದ್ರತೆ ನೀರಿನದು, ಒಂದು ಅಯಾನೀಕರಣಕ್ಕೆ 30 ಎಲೆಕ್ಟ್ರಾನ್ ವೋಲ್ಟ್ ಹಾಕು.

ಇನ್ನೊಂದು ವಿಷಯ. ಏಟು ನೇರವಾಗಿ ಡಿಎನ್‌ಎಗೇ ಬೀಳಬೇಕು ಅಂತಿಲ್ಲ. ಕೋಶದ ತೂಕದಲ್ಲಿ 70ರಿಂದ 80 ಪಾಲು ನೀರು. ಹಾಗಾಗಿ ಜಾಸ್ತಿ ಏಟು ಬೀಳುವುದು ನೀರಿಗೇ. ನೀರು ಒಡೆದು, ಸಿಕ್ಕಿದ ಅಣುವನ್ನು ಕಚ್ಚುವ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತದೆ. ಅದರ ಆಯಸ್ಸು ನ್ಯಾನೋಸೆಕೆಂಡುಗಳಲ್ಲಿ, ಓಡಾಟ ಕೆಲವೇ ನ್ಯಾನೋಮೀಟರ್. ಡಿಎನ್‌ಎಯ ಮೈಗೆ ತಾಗಿಕೊಂಡೇ ಇರುವ ನೀರಿನಲ್ಲಿ ಹುಟ್ಟಿದರೆ ಮಾತ್ರ ಅದು ಡಿಎನ್‌ಎಯನ್ನು ಕಚ್ಚುತ್ತದೆ. ಎಕ್ಸ್-ರೇ, ಗಾಮಾ ಮಾಡುವ ಹಾನಿಯಲ್ಲಿ ಮೂರರಲ್ಲಿ ಎರಡು ಪಾಲು ಈ ಬಳಸುದಾರಿಯದ್ದು. ಆಲ್ಫಾದ್ದು ಬಹುಪಾಲು ನೇರ ಹೊಡೆತ.

ಬಂಗಡೆ ಸಾರು | 10:11

ಕೈಗಾ ಅಣುಸ್ಥಾವರದ ಹತ್ತಿರದ ಮಲ್ಲಾಪುರದವರು ಸಿಕ್ಕಿದ್ದೀರಿ, ಕೇಳಿಯೇ ಬಿಡುತ್ತೇನೆ. ಕಾಳಿ ನದಿ ಮೀನು ತಿಂದರೆ ಈ ರ್‍ಯಾಡಿಕಲ್ ಗೀಡಿಕಲ್ ಹೊಟ್ಟೆಗೆ ಬರುತ್ತಾ?

ಬ್ಯಾಡ್ಜ್ ಮರೆತವ, ಮಲ್ಲಾಪುರ | 10:20

ಮಾರಾಯಾ, ಈಗಷ್ಟೇ ನ್ಯಾನೋಸೆಕೆಂಡ್ ಆಯಸ್ಸು ಅಂದೆನಲ್ಲ. ಪ್ಲೇಟಿಗೆ ಬರುವ ತನಕ ಯಾವ ರ್‍ಯಾಡಿಕಲ್ ಉಳಿದಿರುತ್ತದೆ? ನೀನು ಕೇಳಬೇಕಾದ್ದು ವಿಕಿರಣ ವಸ್ತುಗಳ ಬಗ್ಗೆ. ಸ್ಥಾವರದ ಸುತ್ತಲಿನ ನೀರು, ಮೀನು, ಹಾಲು ಇವುಗಳ ಮಾದರಿ ತೆಗೆದು ಅಳೆಯುವುದಕ್ಕೆಂದೇ ಪರಿಸರ ಸಮೀಕ್ಷಾ ಪ್ರಯೋಗಾಲಯ ಇದೆ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ (ಎಕ್ಸ್-ರೇ, ಗಾಮಾದ ಮಟ್ಟಿಗೆ ಅದನ್ನು 1 ಮಿಲಿಗ್ರೇ ಅಂತಲೇ ಹಿಡಿ). ನಮ್ಮಂಥ ಕೆಲಸಗಾರರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20, ಯಾವ ಒಂದು ವರ್ಷವೂ 30 ದಾಟುವಂತಿಲ್ಲ. ಏನೂ ಮಾಡದೆ ಮನೆಯಲ್ಲಿ ಕೂತವರಿಗೂ ಮಣ್ಣು, ಗಾಳಿ, ಆಕಾಶದಿಂದ ಜಗತ್ತಿನ ಸರಾಸರಿ ವರ್ಷಕ್ಕೆ 2.4 ಬರುತ್ತದೆ. ಮೇಲೆ ಮಾತಾಡುತ್ತಿರುವ 4 ಗ್ರೇ ಅಂದರೆ 4000 ಮಿಲಿಗ್ರೇ. ಅದು ಬೇರೆಯೇ ಲೋಕ.

ವೇದಿಕೆ ನಿರ್ವಾಹಕ | 10:24

ಮೀನಿನ ಚರ್ಚೆಗೆ ಬೇರೆ ಎಳೆ ತೆರೆಯಿರಿ, ಇಲ್ಲಿ ಹುಡುಗನ ವೈವಾ ನಡೆಯಲಿ.

ಬೆಟ್ಟದ ತೋಟ, ಸಿದ್ದಾಪುರ | ಶನಿವಾರ ಬೆಳಗ್ಗೆ 6:30

ನಾನು ವಿದ್ಯಾರ್ಥಿ ಅಲ್ಲ, ಕೃಷಿಕ. ರಾತ್ರಿ ಎಲ್ಲ ಓದಿದೆ. ಕೇಳಬಹುದೋ ಇಲ್ಲವೋ ಗೊತ್ತಿಲ್ಲ.

ನಮ್ಮ ಅಣ್ಣನಿಗೆ ಕವಳ (ಎಲೆ ಅಡಿಕೆ) ಹಾಕುವ ಚಟ. ತಂಬಾಕು ಸೇರಿಸಿ ನಲವತ್ತು ವರ್ಷ. ಕಳೆದ ವರ್ಷ ಕೆನ್ನೆಯ ಒಳಗೆ ಕ್ಯಾನ್ಸರ್ ಅಂತ ಗೊತ್ತಾಯ್ತು. ಆಪರೇಷನ್ ಆಗಿ ಆಮೇಲೆ ರೇಡಿಯೇಷನ್ ಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಅನುಕೂಲ ಇಲ್ಲದೆ ದೂರದ ಊರಿನಲ್ಲಿ ರೂಮ್ ಮಾಡಿ ಏಳು ವಾರ ನಾನೇ ಜೊತೆಗಿದ್ದೆ. 33 ಸಲ, ದಿನಕ್ಕೆ 2 ಗ್ರೇ ಅಂತ ಫೈಲಿನಲ್ಲಿ ಬರೆದಿದ್ದಾರೆ. 66 ಆಯ್ತು. ಹುಡುಗ 4 ಗ್ರೇಗೆ ಅರ್ಧ ಜನ ಸಾಯುತ್ತಾರೆ ಅಂದ. ಅಣ್ಣ ಇಲ್ಲೇ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದಾನೆ.

ಇನ್ನೊಂದು ವಿಚಿತ್ರ. ಮೊದಲ ವಾರ ಏನೂ ಆಗಲಿಲ್ಲ. ಅಣ್ಣ, ಮಷಿನ್ ಚಾಲೂ ಆಗೋದೇ ಗೊತ್ತಾಗುವುದಿಲ್ಲ, ದುಡ್ಡು ದಂಡ ಅಂತ ನಗುತ್ತಿದ್ದ. ಎರಡನೇ ವಾರ ಮುಗಿಯುವಾಗ ಬಾಯೊಳಗೆ ಹುಣ್ಣು ಶುರುವಾಯ್ತು. ನಾಲ್ಕನೇ ವಾರ ಗಂಜಿಯ ತಿಳಿ ನುಂಗಲೂ ಕಣ್ಣಲ್ಲಿ ನೀರು. ಏಟು ಬಿದ್ದದ್ದು ಮೊದಲ ದಿನ, ನೋವು ಎರಡು ವಾರದ ಮೇಲೆ. ಇದು ಏಕೆ ಹೀಗೆ?

ಲಿನಾಕ್ ಅಕ್ಕ | 7:10

ದಯವಿಟ್ಟು ಹೀಗೆಯೇ ಕೇಳಿ ಅಣ್ಣಾ. ನಾನು ಕುಮಟಾದವಳು, ಲಿನಾಕ್ ಎನ್ನುವ ರೇಡಿಯೋಥೆರಪಿ ಮಷಿನ್ ನಡೆಸುವ ಕೆಲಸ. ನಿಮ್ಮ ಅಣ್ಣನಂಥವರನ್ನು ದಿನಕ್ಕೆ ನಲವತ್ತು ಜನರನ್ನು ಟೇಬಲ್ ಮೇಲೆ ಮಲಗಿಸುತ್ತೇನೆ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಅಚ್ಚು ತೆಗೆದಿರುತ್ತಾರಲ್ಲ, ಅದನ್ನು ಅವರೂ ಹಾಕಿಕೊಂಡಿರಬೇಕು. ಮೂರನೇ ವಾರಕ್ಕೆ ಕೆಲವರಿಗೆ ಅದು ಸಡಿಲ ಆಗುತ್ತದೆ. ಅಚ್ಚು ದೊಡ್ಡದಾಗಿದ್ದಲ್ಲ, ಊಟ ಇಳಿಯದೆ ಮುಖ ಸಣ್ಣಗಾಗಿದ್ದು.

ನೀವು ಕೇಳಿದ್ದೇ ಈ ಹುಡುಗನ ಇಡೀ ಪೇಪರಿನ ಸಾರ. ಬಾಯಿಯ ಒಳಮೈ ನೋಡಿ. ಮೇಲೆ ಕಾಣುವ ಕೋಶಗಳು ದುಡಿಮೆ ಮುಗಿಸಿದವು. ಇನ್ನು ಒಡೆದು ಎರಡಾಗುವುದಿಲ್ಲ, ಕೆಲವು ದಿನ ಇದ್ದು ಉದುರುತ್ತವೆ. ಅವುಗಳ ಜಾಗಕ್ಕೆ ಬರುವವು ತಳದ ಪದರದಲ್ಲಿ ಹುಟ್ಟುತ್ತವೆ. ವಿಕಿರಣ ಎರಡಕ್ಕೂ ಬಿತ್ತು. ಮೇಲಿನವಕ್ಕೆ ಡಿಎನ್‌ಎ ಕಡಿದರೂ ಚಿಂತೆಯಿಲ್ಲ, ಅವು ಅದನ್ನು ನಕಲು ಮಾಡುವುದೇ ಇಲ್ಲ. ತಮ್ಮ ದಿನ ಮುಗಿಯುವ ತನಕ ಇದ್ದ ಹಾಗೇ ಇರುತ್ತವೆ. ತಳದವು ಎರಡಾಗಲು ಹೋಗಿ ಅಲ್ಲೇ ಎಡವುತ್ತವೆ. ಹಳಬರು ಉದುರುತ್ತಾ ಹೋದರು, ಹೊಸಬರು ಬರಲಿಲ್ಲ. ಎರಡು ವಾರಕ್ಕೆ ಚರ್ಮ ಬರಿದಾಗಿ ಹುಣ್ಣು. ಆ ಎರಡು ವಾರ ನಿಮ್ಮ ಅಣ್ಣ ನಕ್ಕಿದ್ದು ಹಳೇ ಕೋಶಗಳ ಪುಣ್ಯದಲ್ಲಿ.

66 ಗ್ರೇ ಹೇಗೆ ತಡೆದರು? ಒಂದು, ಅದು ಬಿದ್ದದ್ದು ಕೆನ್ನೆ, ಕುತ್ತಿಗೆಗೆ ಮಾತ್ರ. ಸೊಂಟ, ಬೆನ್ನು, ಎದೆಮೂಳೆಯ ಮಜ್ಜೆ ಹಾಗೇ ಇತ್ತು, ರಕ್ತ ತಯಾರಾಗುತ್ತಲೇ ಇತ್ತು. 4 ಗ್ರೇ ಕೊಲ್ಲುವುದು ಇಡೀ ಮೈಗೆ ಬಿದ್ದಾಗ, ಮಜ್ಜೆಯ ಅಂಗಡಿ ಎಲ್ಲ ಕಡೆ ಒಟ್ಟಿಗೇ ಮುಚ್ಚಿದಾಗ. ಎರಡು, ದಿನಕ್ಕೆ 2ರಂತೆ ಕೊಟ್ಟದ್ದು. ಎರಡು ಡೋಸ್ ನಡುವೆ ಕನಿಷ್ಠ ಆರು ಗಂಟೆ ಬಿಡಬೇಕು ಅನ್ನುತ್ತಾರೆ, ಅಷ್ಟರಲ್ಲಿ ಆರೋಗ್ಯವಂತ ಕೋಶಗಳು ಬಹಳಷ್ಟು ರಿಪೇರಿ ಮುಗಿಸಿಕೊಳ್ಳುತ್ತವೆ. ಗಡ್ಡೆಯ ಕೋಶಗಳಿಗೆ ಆ ಶಿಸ್ತು ಕಡಿಮೆ.

ಮತ್ತೆ ಹುಡುಗನಿಗೆ: ಗಡ್ಡೆಯ ಒಳಗೆ ರಕ್ತನಾಳ ಸರಿಯಿಲ್ಲದ ಜಾಗದಲ್ಲಿ ಆಮ್ಲಜನಕ ಕಡಿಮೆ. ಆಮ್ಲಜನಕ ಇದ್ದಾಗ ರ್‍ಯಾಡಿಕಲ್ ಮಾಡಿದ ಹಾನಿ ಗಟ್ಟಿಯಾಗಿ ಕೂರುತ್ತದೆ, ಇಲ್ಲದಿದ್ದರೆ ಅಳಿಸಿಹೋಗಬಹುದು. ಉಸಿರುಗಟ್ಟಿದ ಕೋಶ ಕೊಲ್ಲಲು ಎಕ್ಸ್-ರೇ ಡೋಸ್ ಎರಡೂವರೆಯಿಂದ ಮೂರು ಪಟ್ಟು ಬೇಕು. ಇವತ್ತು ಸ್ವಲ್ಪ ಕೊಟ್ಟರೆ ಹೊರಗಿನವು ಸಾಯುತ್ತವೆ, ಒಳಗಿನವಕ್ಕೆ ಗಾಳಿ ಸಿಗುತ್ತದೆ, ನಾಳೆ ಅವು ಸಿಕ್ಕಿಬೀಳುತ್ತವೆ.

ಕೋಡಿಬಾಗದ ಹುಡುಗ | 8:02

ಅಕ್ಕಾ, ಮೈ ಜುಮ್ ಅಂತು. ಕರೆಂಟ್ ಬಂತು, ಈಗ ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದೇನೆ.

ನನಗೆ ಅರ್ಥವಾದದ್ದು ಹೀಗೆ. ಒಡೆಯುವ ಕೋಶಕ್ಕೆ ಕಷ್ಟ, ಒಡೆಯದ ಕೋಶಕ್ಕೆ ಪರವಾಗಿಲ್ಲ. ಇಡೀ ಮೈಗೆ ಡೋಸ್ ಬಿದ್ದರೆ ಮಜ್ಜೆ ನಿಲ್ಲುತ್ತದೆ, ಕೂಡಲೇ ಕೆಂಪು ರಕ್ತಕಣ ಕಡಿಮೆಯಾಗಿ ರಕ್ತಹೀನತೆಯಿಂದ ಸಾಯುತ್ತಾರೆ. ಸರಿಯಾ?

ಶಿರಸಿ ಮಾಸ್ತರು | 8:30

ಮೊದಲ ಸಾಲಿಗೆ ಮುಕ್ಕಾಲು ಮಾರ್ಕು. ಕೊನೆಯದಕ್ಕೆ ಸೊನ್ನೆ.

ಕೆಂಪು ರಕ್ತಕಣಕ್ಕೆ ಕೋಶಕೇಂದ್ರವೇ ಇಲ್ಲ. ನಮ್ಮ ಮೈಯಲ್ಲಿ ಸುಮಾರು 37 ಲಕ್ಷ ಕೋಟಿ ಕೋಶ ಇವೆ ಎಂಬ ಅಂದಾಜಿದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇವೇ. ಡಿಎನ್‌ಎ ಇಲ್ಲ ಅಂದ ಮೇಲೆ ಕಡಿಯುವುದು ಏನನ್ನು? ಅವು ತಮ್ಮ 120 ದಿನ ತಿರುಗಾಡಿಯೇ ಸಾಯುತ್ತವೆ. ಅಂಗಡಿ ಮುಚ್ಚಿ ತಿಂಗಳಾದರೂ ಮುಕ್ಕಾಲು ಭಾಗ ಕೆಂಪು ಕಣ ಊರಲ್ಲಿ ಓಡಾಡಿಕೊಂಡಿರುತ್ತದೆ. ಮೊದಲು ಕೊರತೆ ಬೀಳುವುದು ಆಯಸ್ಸು ಕಡಿಮೆ ಇರುವವಕ್ಕೆ. ಸೋಂಕಿನ ಜೊತೆ ಹೊಡೆದಾಡುವ ನ್ಯೂಟ್ರೋಫಿಲ್, ಆಮೇಲೆ ಎಂಟು ಹತ್ತು ದಿನ ಬಾಳುವ ಪ್ಲೇಟ್‌ಲೆಟ್. ಹಾಗಾಗಿ ಆ ರೋಗಿಗಳನ್ನು ಕಾಡುವುದು ಸೋಂಕು ಮತ್ತು ರಕ್ತಸ್ರಾವ. ಅದೂ ಕೆಲವು ವಾರ ಕಳೆದ ಮೇಲೆ. 60 ದಿನದ ಲೆಕ್ಕ ಯಾಕೆ ಇಟ್ಟರು ಅಂತ ಈಗ ಗೊತ್ತಾಯ್ತಲ್ಲ?

ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೆ ಹೊಸದಾಗುತ್ತದೆ. ಅದಕ್ಕೇ ಇನ್ನೂ ಹೆಚ್ಚಿನ ಡೋಸ್ ಬಿದ್ದರೆ ಕರುಳಿನ ತೊಂದರೆ ವಾರದೊಳಗೇ ಕಾಣುತ್ತದೆ. ಕಾಲ ಬೇರೆ ಬೇರೆ, ಕಾರಣ ಒಂದೇ. ಆ ಅಂಗದ ಹಳೇ ಕೋಶದ ಆಯಸ್ಸು ಎಷ್ಟು ಅಂತ ತಿಳಿದರೆ ತೊಂದರೆ ಯಾವ ದಿನ ಬಾಗಿಲು ತಟ್ಟುತ್ತದೆ ಅಂತ ಹೇಳಬಹುದು.

ಒಡೆಯುವ ಕೋಶಕ್ಕೆ ಕಷ್ಟ ಜಾಸ್ತಿ ಅಂತ ಮೊದಲು ಬರೆದಿಟ್ಟವರು ಫ್ರಾನ್ಸಿನ ಬೆರ್ಗೋನಿಯೆ ಮತ್ತು ಟ್ರಿಬೋಂಡೊ, 1906ರಲ್ಲಿ. ಡಿಎನ್‌ಎ ಏನು ಮಾಡುತ್ತದೆ ಅಂತ ಯಾರಿಗೂ ಗೊತ್ತಿಲ್ಲದ ಕಾಲ. ಇಲಿಯ ವೃಷಣದ ಮೇಲೆ ವಿಕಿರಣ ಬಿಟ್ಟು, ಯಾವ ಕೋಶ ಹೋಯಿತು, ಯಾವುದು ಉಳಿಯಿತು ಅಂತ ಮೈಕ್ರೋಸ್ಕೋಪಿನಲ್ಲಿ ನೋಡಿ ಕಂಡುಕೊಂಡದ್ದು. ನನಗಂತೂ ಅದು ಬಹಳ ದೊಡ್ಡ ಕೆಲಸ.

ಬೆಟ್ಟದ ತೋಟ, ಸಿದ್ದಾಪುರ | 8:41

ಹಾಗಾದರೆ ಮೊಳಕೆ ಬಾರದ ಈರುಳ್ಳಿ ಅಂತ ಬರುತ್ತದಲ್ಲ, ವಿಕಿರಣ ಹಾಯಿಸಿದ್ದು. ಅದೂ ಇದೇ ಲೆಕ್ಕವೋ?

ಶಿರಸಿ ಮಾಸ್ತರು | 8:44

ಅದೇ ಲೆಕ್ಕ. ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ ಅದಕ್ಕೆಂದೇ ಗಾಮಾ ಘಟಕ ಇದೆ. ಈರುಳ್ಳಿಯ ಒಳಗೆ ಒಡೆಯಲು ಕಾದು ಕೂತಿರುವುದು ಮೊಳಕೆಯ ತುದಿಯ ಕೋಶ ಮಾತ್ರ. ಅದು ಎಡವಿತು. ಎಸಳಿನ ಕೋಶ ಇನ್ನು ಒಡೆಯುವುದಿಲ್ಲ, ಹಾಗಾಗಿ ಈರುಳ್ಳಿ ಈರುಳ್ಳಿಯಾಗಿಯೇ ಉಳಿಯಿತು.

ಸ್ಲೈಡ್ ತೊಳೆಯುವವಳು | 11:20

ಕಾಲು ಮಾರ್ಕು ಎಲ್ಲಿ ಕಡಿತ ಆಯ್ತು ಅಂತ ನಾನು ಹೇಳುತ್ತೇನೆ. ಲಿಂಫೋಸೈಟ್. ಸುಮ್ಮನೆ ರಕ್ತದಲ್ಲಿ ತಿರುಗುವ ಬಿಳಿ ಕಣ, ಒಡೆಯುತ್ತಿರುವುದಿಲ್ಲ. ನಿಯಮದ ಪ್ರಕಾರ ಗಟ್ಟಿಮುಟ್ಟಾಗಿ ಇರಬೇಕಿತ್ತು. ಆದರೆ ಮೈಯಲ್ಲೇ ಬಲು ಬೇಗ ಸಾಯುವ ಕೋಶಗಳಲ್ಲಿ ಅದೂ ಒಂದು. ಡಿಎನ್‌ಎ ಕಡಿದದ್ದು ಗೊತ್ತಾದದ್ದೇ ಒಡೆಯುವ ತನಕ ಕಾಯದೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಅಪೊಪ್ಟೋಸಿಸ್ ಎನ್ನುವುದು ಅದನ್ನೇ. ಹೆಣ್ಣಿನ ಅಂಡಕೋಶವೂ ಇಂಥದೇ ಅಪವಾದ. ಅಪಘಾತ ಆದಾಗ ಮೊದಲ 48 ಗಂಟೆಯಲ್ಲಿ ಲಿಂಫೋಸೈಟ್ ಎಷ್ಟು ಬೇಗ ಇಳಿಯುತ್ತದೆ ಅಂತ ನೋಡಿ ಡೋಸ್ ಅಂದಾಜು ಮಾಡುತ್ತಾರೆ.

ಬದುಕಿ ಉಳಿದ ಲಿಂಫೋಸೈಟ್‌ಗಳು ನಮ್ಮ ಲ್ಯಾಬಿಗೆ ಬರುತ್ತವೆ. ಅವನ್ನು ಒಡೆಯುವಂತೆ ಮಾಡಬೇಕು, ಆಗಲೇ ವರ್ಣತಂತು ಕಾಣುವುದು. ಅದಕ್ಕೆ ಹಾಕುವ ಪ್ರೋಟೀನ್ ಬರುವುದು ರಾಜ್ಮಾ ಕಾಳಿನಿಂದ. (ಅರೆಬೆಂದ ರಾಜ್ಮಾ ತಿಂದರೆ ವಾಂತಿ ಆಗುವುದೂ ಇದೇ ಪ್ರೋಟೀನಿನಿಂದ.) ಮೈಯ ಬಿಸಿಯಲ್ಲಿ 48 ಗಂಟೆ ಬೆಳೆಸಿ, ಸರಿಯಾಗಿ ಒಡೆಯುವ ಹೊತ್ತಿಗೆ ತಡೆಯಬೇಕು. ತಡೆಯುವ ಮದ್ದು ಕಾಲ್ಚಿಸಿನ್ ಜಾತಿಯದ್ದು. ನಮ್ಮ ಕಡೆ ಮಳೆಗಾಲದಲ್ಲಿ ಬೇಲಿ ಮೇಲೆ ಹಬ್ಬಿ ಬೆಂಕಿಯ ನಾಲಗೆ ಹಾಗೆ ಅರಳುವ ಗೌರಿ ಹೂವಿನ ಗಿಡ ಇದೆಯಲ್ಲ, ಅದರ ಬೀಜ, ಗೆಡ್ಡೆಗಳಲ್ಲಿ ಇರುವ ವಿಷವೇ ಕಾಲ್ಚಿಸಿನ್. ಚಿಕ್ಕವಳಿದ್ದಾಗ ಅಜ್ಜಿ, ಮುಟ್ಟಿ ಬಾಯಿಗೆ ಕೈ ಹಾಕಬೇಡ ಅಂತ ಗದರುತ್ತಿದ್ದರು. ವರ್ಣತಂತುಗಳನ್ನು ಆಚೀಚೆ ಎಳೆಯುವ ದಾರ ಕಟ್ಟದ ಹಾಗೆ ಅದು ಮಾಡುತ್ತದೆ. ಕೋಶ ಅರ್ಧ ಕೆಲಸದಲ್ಲಿ ಹಾಗೇ ನಿಂತುಬಿಡುತ್ತದೆ.

ಸ್ಲೈಡಿನ ಮೇಲೆ ಹನಿ ಬೀಳಿಸಿ ಜೀಮ್ಸಾ ಬಣ್ಣ ಹಾಕಿದರೆ ನೇರಳೆ ಬಣ್ಣದ 46 ತುಂಡು. ಒಂದೊಂದಕ್ಕೂ ನಡುವೆ ಒಂದು ಸೊಂಟ. ವಿಕಿರಣ ಬಿದ್ದವರಲ್ಲಿ ಎರಡು ಸೊಂಟದ ವರ್ಣತಂತು ಸಿಗುತ್ತದೆ, ಪಕ್ಕದಲ್ಲಿ ಸೊಂಟವಿಲ್ಲದ ಒಂದು ಅನಾಥ ತುಂಡು. ಎರಡು ರಶೀದಿ ತಪ್ಪಾಗಿ ಅಂಟಿದ್ದು ಅಂದೆನಲ್ಲ, ಇದೇ ಅದು. ಡೈಸೆಂಟ್ರಿಕ್ ಎನ್ನುತ್ತೇವೆ. ವಿಕಿರಣ ಬೀಳದವರಲ್ಲಿ ಸಾವಿರ ಕೋಶಕ್ಕೆ ಒಂದು ಸಿಕ್ಕರೆ ಹೆಚ್ಚು. ಒಬ್ಬರಿಗೆ 500 ಕೋಶ ಎಣಿಸಬೇಕು, ಇಲ್ಲವೇ 100 ಡೈಸೆಂಟ್ರಿಕ್ ಸಿಗುವ ತನಕ. ಕಣ್ಣು ಉರಿಯುತ್ತದೆ. ಆದರೆ ಮೊದಲನೆಯದು ಕಂಡಾಗ ಇವತ್ತಿಗೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ. ಎರಡು ಸೊಂಟವನ್ನು ಎರಡು ಕಡೆಗೆ ಎಳೆದರೆ ಏನಾಗಬಹುದು ಯೋಚಿಸಿ. ಕೋಶ ಎರಡಾಗಲು ಹೋಗಿ ಎಡವುವುದು ಅಂತ ಲಿನಾಕ್ ಅಕ್ಕ ಬರೆದದ್ದು ಇದನ್ನೇ.

ಹಳದೀಪುರ ಎಕ್ಸ್-ರೇ | 11:50

ಹಾಗಾದರೆ ಒಡೆಯುವ ಹೊತ್ತಿನಲ್ಲಿ, ಎಂ ಹಂತದಲ್ಲಿ, ವರ್ಣತಂತು ಗಟ್ಟಿಯಾಗಿ ಸುತ್ತಿಕೊಂಡಿರುತ್ತದೆ. ಗಟ್ಟಿ ಕಟ್ಟಿದ ಗಂಟಿಗೆ ಏಟು ತಾಗುವುದಿಲ್ಲ. ಆ ಹಂತವೇ ಸೇಫ್ ಅಲ್ವಾ?

ಲಿನಾಕ್ ಅಕ್ಕ | 12:15

ಉಲ್ಟಾ. ಎಂ ಮತ್ತು ಅದರ ಹಿಂದಿನ ಜಿ2 (ಒಡೆಯಲು ತಯಾರಾಗುವ ಹಂತ), ಇವೆರಡೇ ತುಂಬಾ ನಾಜೂಕು. ಸುತ್ತಿಕೊಂಡಾಗ ರಿಪೇರಿ ಮಾಡುವವರಿಗೂ ಒಳಗೆ ಜಾಗ ಸಿಗುವುದಿಲ್ಲ, ಸಮಯವೂ ಇಲ್ಲ. ತಡೆದುಕೊಳ್ಳುವುದು ಎಸ್ ಹಂತದ ಕೊನೆಯಲ್ಲಿ. ಆಗಷ್ಟೇ ಡಿಎನ್‌ಎ ನಕಲು ಆಗಿ ಅವಳಿ ಪ್ರತಿ ಪಕ್ಕದಲ್ಲೇ ಇರುತ್ತದೆ. ಎರಡೂ ಎಳೆ ಕಡಿದರೂ ಅವಳಿಯನ್ನು ನೋಡಿ ಬರೆದುಕೊಳ್ಳಬಹುದು. ಒಂದು ದಿನದಲ್ಲಿ ಸುತ್ತು ಮುಗಿಸುವ ಕೋಶದಲ್ಲಿ ಎಂ ಹಂತ ಇರುವುದು ಹೆಚ್ಚೆಂದರೆ ಒಂದು ಗಂಟೆ. ಒಂದೇ ದಿನ ಹೊಡೆದರೆ ಆ ಗಂಟೆಯಲ್ಲಿ ಇಲ್ಲದವು ತಪ್ಪಿಸಿಕೊಳ್ಳುತ್ತವೆ. 33 ದಿನ ಹೊಡೆಯುವುದಕ್ಕೆ ಇದೂ ಒಂದು ಕಾರಣ.

ಹಳದೀಪುರ ಎಕ್ಸ್-ರೇ | 12:18

ಹತ್ತು ವರ್ಷದಿಂದ ತಪ್ಪು ತಿಳಿದುಕೊಂಡಿದ್ದೆ. ಪುಣ್ಯಕ್ಕೆ ಯಾರೂ ಕೇಳಿರಲಿಲ್ಲ.

ಶಿರಸಿ ಮಾಸ್ತರು | 12:40

"ಕೋಶ ಸತ್ತಿತು" ಅನ್ನುವ ಮಾತಿನಲ್ಲೂ ಎಚ್ಚರ ಇರಲಿ ತಮ್ಮಾ. 1956ರಲ್ಲಿ ಪಕ್ ಮತ್ತು ಮಾರ್ಕಸ್ ಮನುಷ್ಯರ ಗಡ್ಡೆಯ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ವಿಕಿರಣ ಕೊಟ್ಟು ನೋಡಿದರು. ಕೆಲವು ಕೋಶ ಸಾಯಲಿಲ್ಲ. ತಿಂದುಂಡು ಹಿಗ್ಗಿ ದೈತ್ಯ ಆದವು, ಆದರೆ ಮರಿ ಹಾಕಲಿಲ್ಲ. ನಿಮ್ಮ ಶಾಸ್ತ್ರದಲ್ಲಿ ಅದೂ ಸತ್ತ ಲೆಕ್ಕವೇ. 50 ಮರಿಗಳ ಗುಂಪು ಕಟ್ಟಿದರೆ ಮಾತ್ರ ಬದುಕಿತು ಅಂತ ಎಣಿಸುತ್ತಾರೆ. ಮೇಡಂ ಇದನ್ನು ಕೇಳಿಯೇ ಕೇಳುತ್ತಾರೆ ನೋಡು.

ಕೋಡಿಬಾಗದ ಹುಡುಗ | ಶುಕ್ರವಾರ ಸಂಜೆ 5:30

ಒಂದು ವಾರ ಆಯ್ತು. ವೈವಾ ಇವತ್ತು ಮುಗೀತು. ಚಿತ್ರ ಮತ್ತೆ ಬರೆದೆ. ಈ ಸಲ ಹದಿನಾಲ್ಕು ಹೆಸರು ಇಲ್ಲ. ಮೂರು ಕೋಶ ಬರೆದೆ: ಬಾಯಿಯ ತಳದ ಕೋಶ, ಕೆಂಪು ರಕ್ತಕಣ, ಲಿಂಫೋಸೈಟ್. ಒಂದೊಂದರ ಪಕ್ಕ ಡಿಎನ್‌ಎ ಇದೆಯೋ ಇಲ್ಲವೋ, ಮತ್ತೆ ಯಾವಾಗ ಒಡೆಯುತ್ತದೆ, ಆಯಸ್ಸು ಎಷ್ಟು ಅಂತ ಬರೆದೆ. ಮೇಡಂ ಐದು ನಿಮಿಷ ಅದನ್ನೇ ನೋಡಿದರು. ಆಮೇಲೆ, ಮಾಸ್ತರೇ, ದೈತ್ಯ ಕೋಶದ ಪ್ರಶ್ನೆ ಬಂತು!

ಗೌರಿ ಹೂವಿನ ಬಗ್ಗೆಯೂ ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ, ಬರೆದುಕೊಂಡರು.

ಬೆಟ್ಟದ ತೋಟ, ಸಿದ್ದಾಪುರ | ಶುಕ್ರವಾರ ರಾತ್ರಿ 9:00

ಒಳ್ಳೆಯದಾಯ್ತು ತಮ್ಮಾ. ಅಣ್ಣನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವನ ಪ್ರಶ್ನೆ ಒಂದೇ. ಹುಣ್ಣು ಮಾಯ್ದಿದೆ, ಆದರೆ ರುಚಿ ಪೂರ್ತಿ ಬಂದಿಲ್ಲ, ಬಾಯಿ ಒಣಗುತ್ತದೆ. ನಾಲಗೆಯ ಕೋಶದ ಆಯಸ್ಸು ಎಷ್ಟು?

ಲಿನಾಕ್ ಅಕ್ಕ | 9:25

ರುಚಿ ಹಿಡಿಯುವ ಕೋಶ ಸುಮಾರು ಹತ್ತು ದಿನಕ್ಕೆ ಬದಲಾಗುತ್ತವೆ. ಅವುಗಳ ತಳ ಚೇತರಿಸಿಕೊಂಡ ಹಾಗೆ ರುಚಿ ಬರುತ್ತದೆ, ಹೆಚ್ಚಿನವರಿಗೆ ಕೆಲವು ತಿಂಗಳು ಬೇಕು. ಜೊಲ್ಲಿನ ಗ್ರಂಥಿ ಬೇರೆ ಜಾತಿ, ಅದು ಅಷ್ಟು ಸುಲಭಕ್ಕೆ ಮರಳುವುದಿಲ್ಲ. ಪಕ್ಕದಲ್ಲಿ ನೀರಿನ ಬಾಟ್ಲಿ ಇಟ್ಟುಕೊಳ್ಳಲಿ, ಹಲ್ಲಿನ ಡಾಕ್ಟರರಿಗೆ ತಪ್ಪದೆ ತೋರಿಸಲಿ. ಕವಳದ ಸಂಚಿ ಮನೆಯಲ್ಲಿ ಇದ್ದರೆ ಅಟ್ಟಕ್ಕೆ ಹಾಕಿ.

ಬೆಟ್ಟದ ತೋಟ, ಸಿದ್ದಾಪುರ | 9:48

ಸಂಚಿಯನ್ನು ಅತ್ತಿಗೆ ಆಗಲೇ ಒಲೆಗೆ ಹಾಕಿದ್ದಾಳೆ. ಇವತ್ತು ಮೊಸರನ್ನಕ್ಕೆ ಅಪ್ಪೆಮಿಡಿಯ ರಸ ಒಂದು ಹನಿ ಹಾಕಿ ಕೊಟ್ಟೆವು. ತುಂಬಾ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದ. ಉಪ್ಪು ಗೊತ್ತಾಗ್ತದೆ, ಹುಳಿ ಇನ್ನೂ ಇಲ್ಲ ಅಂದ.